ಓಲಿನೆಯ ಸೌದೆ ಗೋಡೆ

ಸೌದೆ ಒಣಗಿದೆಯೋ ಇಲ್ಲವೋ ಎಂಬುದನ್ನು ಓಲಿನೆ ಕಣ್ಣಿನಿಂದ ನೋಡಿ ಹೇಳುತ್ತಿರಲಿಲ್ಲ, ಕಿವಿಯಿಂದ ಕೇಳಿ ಹೇಳುತ್ತಿದ್ದಳು. ಎರಡು ಸೀಳುಗಳನ್ನು ಎತ್ತಿ ಒಂದಕ್ಕೊಂದು ಬಡಿಯುವಳು. ಒಣಗಿದ್ದರೆ ಟಣ್ ಎನ್ನುತ್ತಿತ್ತು. ಹಸಿಯಿದ್ದರೆ ದಪ್ ಎಂದು ಅಲ್ಲಿಗೇ ಸುಮ್ಮನಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಯೋರುನ್‌ಗೆ ಅವಳು ಕಲಿಸಿದ ಮೊದಲ ಪಾಠ ಇದೇ. ಹಾಲು ಕರೆಯುವುದಲ್ಲ, ರೊಟ್ಟಿ ಲಟ್ಟಿಸುವುದಲ್ಲ.

"ಕಿವಿ ಕೊಡು ಹುಡುಗಿ. ಹಾಡೋದನ್ನ ಒಲೆಗೆ ಹಾಕು. ಗೊಣಗೋದನ್ನ ಮುಂದಿನ ವರ್ಷಕ್ಕಿಡು" ಎಂದಿದ್ದಳು.

ಯೋರುನ್ ಸಮುದ್ರದ ಕಡೆಯವಳು. ಅವಳ ತವರಿನಲ್ಲಿ ಮರವೇ ಕಡಿಮೆ. ಜೌಗುನೆಲದಿಂದ ಕತ್ತರಿಸಿ ತಂದು ಒಣಗಿಸಿದ ಮಣ್ಣಿನ ಹೆಂಟೆಗಳನ್ನೇ ಒಲೆಗೆ ಹಾಕುತ್ತಿದ್ದರು. ಹೆಂಟೆ ಹಾಡುವುದೂ ಇಲ್ಲ, ಗೊಣಗುವುದೂ ಇಲ್ಲ. ಹಾಗಾಗಿ ಅತ್ತೆಯ ಮಾತು ಅವಳಿಗೆ ಆಗ ತಮಾಷೆಯಾಗಿ ಕೇಳಿಸಿತ್ತು. ಈಗ, ಮಾರ್ಚ್ ಮುಗಿಯುತ್ತ ಬಂದು, ಅಂಗಳದ ಹಿಮ ಇನ್ನೂ ಕಿಟಕಿಯ ಎತ್ತರಕ್ಕೆ ನಿಂತಿರುವಾಗ, ಸೌದೆ ಕೊಟ್ಟಿಗೆಯ ಕತ್ತಲಲ್ಲಿ ಒಂದೊಂದೇ ಸೀಳನ್ನು ಬಡಿದು ನೋಡುತ್ತಿದ್ದರೆ ಅವಳಿಗೆ ನಗು ಬರುತ್ತಿರಲಿಲ್ಲ. ದಪ್. ದಪ್. ದಪ್. ಕೊಟ್ಟಿಗೆಯೆಲ್ಲ ಗೊಣಗುತ್ತಿತ್ತು.

ಆದರೆ ದಾರಿಯಲ್ಲಿ ಹೋಗುವವರು ಅದನ್ನು ನಂಬುತ್ತಿರಲಿಲ್ಲ. ನಾರ್ವೆಯ ಪೂರ್ವದ ಕಾಡುಗಳ ನಡುವಿನ ಆ ಗ್ರೋದಾಲ್ ಕಣಿವೆಯಲ್ಲಿ ಓಲಿನೆಯ ಸೌದೆ ಗೋಡೆ ಹೆಸರುವಾಸಿ. ಅವರ ಸೌದೆ ಕೊಟ್ಟಿಗೆಗೆ ದಾರಿಯ ಕಡೆ ಹಲಗೆಯಿಲ್ಲ. ಒಟ್ಟಿದ ಸೌದೆಯ ಮುಂದಿನ ಸಾಲೇ ಗೋಡೆ. ಹತ್ತೊಂಬತ್ತರ ಪ್ರಾಯದಲ್ಲಿ ಈ ಮನೆ ಸೇರಿದ ಓಲಿನೆ ಅಂದಿನಿಂದ ಪ್ರತಿವರ್ಷ ಆ ಸಾಲನ್ನು ತಾನೇ ಒಟ್ಟುತ್ತ ಬಂದವಳು. ಗಂಡ ಬದುಕಿದ್ದಾಗಲೂ ಅವನು ಸೀಳಿ ಕೊಡಬಹುದಿತ್ತು, ಮುಂದಿನ ಸಾಲಿಗೆ ಕೈ ಹಾಕುವಂತಿರಲಿಲ್ಲ. ತೊಗಟೆ ಮೇಲೆ, ಸೀಳು ಕೆಳಗೆ, ತುದಿಗಳೆಲ್ಲ ದಾರ ಹಿಡಿದಂತೆ ಒಂದೇ ಸಮ. ಭಾನುವಾರ ಚರ್ಚಿಗೆ ಹೋಗುವ ಗಂಡಸರು ಅಲ್ಲಿ ಬಂದಾಗ ಕುದುರೆಯನ್ನು ನಿಧಾನ ಮಾಡುತ್ತಿದ್ದರು. ಹೆಣ್ಣು ಕೊಡುವ ಮುಂಚೆ ಜನ ಆ ಕಣಿವೆಯಲ್ಲಿ ಹುಡುಗನ ಮುಖ ನೋಡುತ್ತಿರಲಿಲ್ಲ, ಅವನ ಮನೆಯ ಸೌದೆ ನೋಡುತ್ತಿದ್ದರು. ಒಟ್ಟಿಲು ಸೊಟ್ಟಗಿದ್ದರೆ ಮನೆಯೂ ಸೊಟ್ಟ.

ಆ ಮುಂದಿನ ಸಾಲನ್ನು ಈಸ್ಟರ್ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ದಿನದ ಖರ್ಚಿಗೆ ಹಿಂಬಾಗಿಲಿಂದ ಹೋಗಿ ಹಿಂದಿನ ಸಾಲುಗಳಿಂದ ತೆಗೆಯಬೇಕು. ಮನೆಯ ಒಳಗೆ ಏನೇ ಇರಲಿ, ದಾರಿಗೆ ಗೋಡೆ ತುಂಬಿ ಕಾಣಬೇಕು.

ಹೋದ ವರ್ಷ ಎಡವಟ್ಟಾದದ್ದು ಎಂಬ್ರೆತ್‌ನ ಕಾಲಿನಿಂದ. ಎಂಬ್ರೆತ್ ಓಲಿನೆಯ ಒಬ್ಬನೇ ಮಗ, ಯೋರುನ್‌ಳ ಗಂಡ. ಚಳಿಗಾಲವೆಲ್ಲ ಕಾಡಿನಲ್ಲಿ ದಿಮ್ಮಿ ಕಡಿಯುವ ಕೆಲಸ ಅವನದು, ವಾರವೆಲ್ಲ ಅಲ್ಲೇ ಉಳಿದು ಶನಿವಾರ ಮನೆಗೆ ಬರುತ್ತಿದ್ದ. ಹಿಮ ಗಟ್ಟಿಯಾಗಿ, ಮರಕ್ಕೆ ಇನ್ನೂ ರಸ ಏರದ ವಸಂತದ ಮೊದಲ ವಾರಗಳಲ್ಲಿ ಮನೆಯ ಸೌದೆ ಕಡಿದು ಸೀಳಬೇಕು. ಬೇಸಿಗೆಯ ಬಿಸಿಲು ಗಾಳಿ ಕುಡಿದು ಅದು ಚಳಿಗಾಲದ ಹೊತ್ತಿಗೆ ಹಾಡಲು ಕಲಿಯುತ್ತದೆ. ಸರಿಯಾಗಿ ಅದೇ ವಾರಗಳಲ್ಲಿ ಒಂದು ದಿಮ್ಮಿ ಉರುಳಿ ಅವನ ಮೊಣಕಾಲಿನ ಮೇಲೆ ಕೂತಿತು. ಅವನು ಎದ್ದು ನಡೆಯುವಷ್ಟರಲ್ಲಿ ಹುಲ್ಲು ಕೊಯ್ಯುವ ಕಾಲ. ಬರ್ಚ್ ಮರ ಕಡಿದದ್ದು ಹುಲ್ಲೆಲ್ಲ ಅಟ್ಟ ಸೇರಿದ ಮೇಲೆ, ಎಲೆ ಹಳದಿಯಾಗುವ ಹೊತ್ತಿಗೆ. ಹಿಂದಿನ ವರ್ಷದ ಒಣ ಸೌದೆ ಸ್ವಲ್ಪ ಉಳಿದಿತ್ತು. ಅದನ್ನು ಹಿಂದೆ ಹಾಕಿ, ಹಸಿ ಸೌದೆಯನ್ನು ಅದರ ಮುಂದೆ ಸಾಲುಸಾಲಾಗಿ ಒಟ್ಟಿದರು. ಓಲಿನೆ ಎಂದಿನಂತೆ ಗೋಡೆ ಕಟ್ಟಿದಳು. ಹೊಸ ಸೀಳಿನ ಹೊಳಪಿಗೋ ಏನೋ, ಆ ವರ್ಷದ ಗೋಡೆ ಹಿಂದಿನ ಎಲ್ಲ ವರ್ಷಗಳಿಗಿಂತ ಚೆನ್ನಾಗಿ ಕಂಡಿತು. ಅದು ಹಸಿ ಎಂದು ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ.

ಹುಷಾರಾಗಿ ಉರಿಸಿದ್ದರೆ ಸಾಲುತ್ತಿತ್ತೇನೋ. ಆದರೆ ಫೆಬ್ರವರಿಯಲ್ಲಿ, ಹೊಳೆಯಾಚೆಯ ಹಾಲ್ವೋರ್ ತೀರಿಕೊಂಡ.

ಸಾವಾದ ಮನೆಗೆ ಆ ಕಣಿವೆಯ ಪ್ರತಿ ಮನೆಯಿಂದ ಒಣ ಸೌದೆ ಹೋಗಬೇಕು. ಮಣ್ಣಿಗೆ ಬಂದವರಿಗೆಲ್ಲ ಬೇಯಿಸಬೇಕು, ಮುಚ್ಚಿದ ಕೋಣೆಗಳಲ್ಲೂ ಒಲೆ ಹಚ್ಚಬೇಕು. ಒಬ್ಬೊಬ್ಬರು ಒಂದೊಂದು ಹೊರೆ ತಂದರೆ ಸಾಕು. ಓಲಿನೆ ಜಾರುಬಂಡಿ ತುಂಬಿಸಿದಳು.

ತುಂಬು ಬಸುರಿ ಯೋರುನ್ ಬಾಗಿಲಲ್ಲಿ ನಿಂತು, "ಅತ್ತೆ, ಇಷ್ಟೊಂದಾ? ಹಿಂದಿನ ಸಾಲು ಅರ್ಧ ಖಾಲಿ ಆಯ್ತು" ಎಂದಳು.

"ಗೋಡೆ ನೋಡಿದ ಕಣ್ಣು ಬಂಡೀನೂ ನೋಡುತ್ತೆ. ಅಷ್ಟು ಸೌದೆ ಇಟ್ಕೊಂಡು ಒಂದು ಹೊರೆ ಕಳ್ಸಿದ್ಲು ಅಂತಾರೆ."

"ಅಷ್ಟು ಸೌದೆ ಎಲ್ಲಿದೆ ನಮ್ಮ ಹತ್ರ?"

ಓಲಿನೆ ಹಗ್ಗವನ್ನು ಎಳೆದು ಬಿಗಿದಳು. ಆಮೇಲೆ, "ನಿಮ್ಮ ಮಾವ ಹೋದಾಗ ಹಿಮ ಸೊಂಟದ ಮಟ್ಟ ಇತ್ತು. ಕುದುರೆ ನಡೀಲಿಲ್ಲ. ಹಾಲ್ವೋರ್ ಮುಂದೆ ಹೆಗಲು ಕೊಟ್ಟ. ಚರ್ಚಿನ ತನಕ ಒಂದ್ಸಲಾನೂ ಹೆಗಲು ಬದಲಾಯಿಸ್ಲಿಲ್ಲ" ಎಂದಳು. ಅತ್ತೆಯ ಜಂಬದ ಒಳಗೆ ಬೇರೆ ಏನೋ ಮಡಚಿ ಇಟ್ಟಿರುತ್ತದೆ ಎಂದು ಯೋರುನ್‌ಗೆ ಹೊಳೆದದ್ದು ಆಗಲೇ.

ಮಗು ಹುಟ್ಟಿದ್ದು ಮಾರ್ಚ್ ಮೊದಲಲ್ಲಿ, ಹೇಳಿದ ಹೊತ್ತಿಗಿಂತ ಮುಂಚೆ. ಹೆಣ್ಣು. ಎಂಬ್ರೆತ್‌ನ ಉಣ್ಣೆಯ ಟೊಪ್ಪಿಗೆಯೊಳಗೆ ಅರ್ಧ ಹಿಡಿಸುವಷ್ಟು ಸಣ್ಣದು. ಹಾಲು ಕುಡಿಯಲೂ ದಣಿಯುತ್ತಿತ್ತು. ಎರಡು ಗುಟುಕು ಕುಡಿದು ಮಲಗಿಬಿಡುತ್ತಿತ್ತು, ಅಂಗಾಲು ಕೆರೆದು ಎಬ್ಬಿಸಬೇಕಿತ್ತು. ಸೂಲಗಿತ್ತಿ ಹೊರಡುವಾಗ ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿ ಒಂದೇ ಮಾತು ಹೇಳಿದ್ದಳು: "ಇದರ ಉಸಿರು ಕಣ್ಣಿಗೆ ಕಾಣೋ ಹಾಗೆ ಆಗಬಾರದು. ಉಸಿರು ಕಂಡರೆ ಕೋಣೆ ತಣ್ಣಗಾಗಿದೆ ಅಂತ. ಇಷ್ಟು ಸಣ್ಣ ಮಗು ತನ್ನನ್ನ ತಾನು ಬೆಚ್ಚಗೆ ಇಟ್ಕೊಳ್ಳೋಕೆ ಆಗಲ್ಲ. ಹಿಮ ಕರಗೋ ತನಕ ಕಾಪಾಡ್ಕೊಂಡ್ರೆ ಆಮೇಲೆ ಅದೇ ಬೆಳ್ಕೊಳ್ಳುತ್ತೆ."

ಅಂದಿನಿಂದ ಯೋರುನ್ ಬೇರೇನೂ ನೋಡಲಿಲ್ಲ, ಮಗುವಿನ ಮೂಗಿನ ಮುಂದಿನ ಗಾಳಿಯನ್ನು ನೋಡಿದಳು.

ಮೊದಲ ವಾರ ಸುಖವಾಗಿಯೇ ಹೋಯಿತು. ಒಂದೊಂದು ಮನೆಯ ಹೆಂಗಸೂ ಬಾಣಂತಿ ಮರಿಗೆ ಹೊತ್ತು ಬಂದಳು. ಕೆತ್ತನೆಯ ಮರದ ಪಾತ್ರೆ, ಮೇಲೆ ಮುಚ್ಚಳ, ಒಳಗೆ ಹುಳಿಕೆನೆಯಲ್ಲಿ ಬೇಯಿಸಿದ ಗಟ್ಟಿ ಗಂಜಿ, ಗಂಜಿಯ ಮೇಲೆ ಬೆಣ್ಣೆಯ ಕೆರೆ. ಮರಿಗೆಯನ್ನು ಬೇಡ ಎನ್ನುವಂತಿಲ್ಲ. ಅದರಲ್ಲಿರುವುದು ಬಾಣಂತಿಯದು, ಮನೆಯ ಯಜಮಾನನಾಗಲಿ ಅತ್ತೆಯಾಗಲಿ ಅದಕ್ಕೆ ಬಾಯಿ ಹಾಕುವಂತಿಲ್ಲ. ಖಾಲಿ ಮರಿಗೆಯನ್ನು ವಾಪಸ್ ಕೊಡುವಂತಿಲ್ಲ, ಒಂದು ತುಂಡು ಕಂದು ಚೀಸೋ ಒಂದು ಉಂಡೆ ನೂಲೋ ಹಾಕಿಯೇ ಕಳುಹಿಸಬೇಕು. ಹೊಳೆಯಾಚೆಯ ಸಿಗ್ನೆ ಮಾತ್ರ ಬಂದಿರಲಿಲ್ಲ. ಅವಳು ಹಾಲ್ವೋರ್‌ನ ಹೆಂಡತಿ. ಸಾವಾದ ಮನೆಯವರು ಸ್ವಲ್ಪ ಕಾಲ ಕಳೆಯದೆ ಬಾಣಂತಿಯ ಹೊಸ್ತಿಲು ತುಳಿಯಬಾರದು.

ಆಮೇಲೆ ಒಣ ಸೌದೆಯ ಕಡೆಯ ಹೊರೆ ಒಳಗೆ ಬಂತು.

ಹಸಿ ಬರ್ಚ್ ಉರಿಯುವುದಿಲ್ಲ, ಬೇಯುತ್ತದೆ. ತುದಿಗಳಲ್ಲಿ ನೊರೆ ಉಕ್ಕಿಸುತ್ತ, ಸುಂಯ್ ಎಂದು ಮೂಗು ಎಳೆಯುತ್ತ, ಇದ್ದ ಶಾಖವನ್ನೆಲ್ಲ ತನ್ನ ನೀರಿಗೇ ಖರ್ಚು ಮಾಡಿಕೊಳ್ಳುತ್ತದೆ. ಓಲಿನೆ ಒಲೆಯ ಅಂಚಿಗೆ, ಹೊಗೆಗೂಡಿನ ಬುಡಕ್ಕೆ, ತೊಟ್ಟಿಲ ಕೆಳಗೆ ಕೂಡ ಸೀಳುಗಳನ್ನು ಆನಿಸಿ ಒಣಗಿಸಲು ನೋಡಿದಳು. ಒಂದು ಕಡೆ ಒಣಗುವ ಸೌದೆ, ಇನ್ನೊಂದು ಕಡೆ ಒಣಗುವ ಮಗುವಿನ ಬಟ್ಟೆ, ಕೋಣೆಯೆಲ್ಲ ಆವಿ. ಆವಿ ಕಿಟಕಿಯಲ್ಲಿ ಹೆಪ್ಪುಗಟ್ಟಿ ಕೂತಿತು. ಹೊಗೆ ಹೊಗೆಗೂಡಿನಲ್ಲಿ ಏರದೆ ಒಳಗೆ ತಿರುಗಿತು. ಮಗು ಕೆಮ್ಮಿತು. ಅಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡವರ ಕೆಮ್ಮು ಬಂದದ್ದನ್ನು ಕೇಳಿ ಯೋರುನ್‌ಳ ಹಾಲು ಆ ಹೊತ್ತಿಗೆ ನಿಂತೇ ಹೋಯಿತು.

ಶನಿವಾರ ಕಾಡಿನಿಂದ ಬಂದ ಎಂಬ್ರೆತ್, ನಿಂತಲ್ಲೇ ಒಣಗಿದ್ದ ಒಂದು ಪೈನ್ ಮರವನ್ನು ಕಡಿದು ಎಳೆದು ತಂದ. ಅದು ಅರ್ಧ ವಾರಕ್ಕೆ ಆಯಿತು. ಮರುವಾರ ಅಂಥದ್ದು ಹುಡುಕಿ ಹೊರಟವನು ಕಂಕುಳವರೆಗೆ ಹಿಮದಲ್ಲಿ ಹೂತು, ಬರಿಗೈಯಲ್ಲಿ, ಮೊಣಕಾಲು ಊದಿಸಿಕೊಂಡು ಬಂದ. ಒಲೆಯ ಮುಂದೆ ಕೂತು ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ.

"ಅಮ್ಮ, ಹೊಳೆಯಾಚೆ ಕೇಳ್ಕೊಂಡು ಬರ್ಲಾ?"

"ಏನಂತ? ಹೆಣಕ್ಕೆ ಕೊಟ್ಟ ಸೌದೆ ವಾಪಸ್ ಕೊಡಿ ಅಂತ ಕೇಳ್ತೀಯಾ?"

"ವಾಪಸ್ ಅಲ್ಲ. ಒಂದು ಬಂಡಿ ಸೌದೆ ಸಾಲ ಅಂತ."

"ಸತ್ತವನ ಮನೆಗೆ ಹೋದ ಸೌದೆ ತಿರುಗಿ ಬಂದ್ರೆ ಸತ್ತವನೂ ಅದರ ಜೊತೆ ಬರ್ತಾನೆ. ಕೂಸಿಗೆ ಹೆಸರಿಟ್ಟಿಲ್ಲ, ಪಾದ್ರಿ ಇನ್ನೂ ನೀರು ಹಾಕಿಲ್ಲ. ಅಂಥ ಮನೆಗೆ ತರ್ತೀಯಾ?"

"ಬೇರೆ ಮನೇಲಿ ಕೇಳ್ತೀನಿ ಹಾಗಾದ್ರೆ."

"ಆ ಗೋಡೆ ಇಟ್ಕೊಂಡು?" ಎಂದಳು ಓಲಿನೆ. ಅವಳ ದನಿ ಏರಿರಲಿಲ್ಲ, ಇಳಿದಿತ್ತು. "ಹಾಸ್ಯ ಮಾಡ್ತಿದೀಯ ಅಂದ್ಕೋತಾರೆ ಮಗಾ. ಬಾಗಿಲು ಮುಚ್ಚೋ ಮುಂಚೆ ನಗ್ತಾರೆ."

ಎಂಬ್ರೆತ್ ಭಾನುವಾರ ಕಾಡಿಗೆ ಹೊರಟ. ಹೋಗುವ ಮುಂಚೆ ತೊಟ್ಟಿಲ ಮುಂದೆ ಬಗ್ಗಿ, ಬಾಯಿ ಬಿಗಿ ಹಿಡಿದು, ತನ್ನ ಉಸಿರು ಮಗುವಿಗೆ ತಾಗದ ಹಾಗೆ ನೋಡಿಕೊಂಡು, ಅದರ ಬೆರಳೊಂದನ್ನು ಮುಟ್ಟಿದ.

ಅದಾದ ಎರಡನೆಯ ದಿನವೋ ಮೂರನೆಯ ದಿನವೋ, ಬೆಳಗ್ಗೆ ಯೋರುನ್ ಎದ್ದು ತೊಟ್ಟಿಲಿಗೆ ಬಗ್ಗಿದಳು. ಮಗುವಿನ ಮೂಗಿನ ಮುಂದೆ ಒಂದು ಸಣ್ಣ ಬಿಳಿ ಎಳೆ ಏಳುತ್ತಿತ್ತು, ಅಳಿಸಿಹೋಗುತ್ತಿತ್ತು, ಮತ್ತೆ ಏಳುತ್ತಿತ್ತು. ಮಗುವನ್ನೆತ್ತಿ ತನ್ನ ಅಂಗಿಯೊಳಗೆ, ಮೈಗೆ ಮೈ ತಾಗಿಸಿ ಇಟ್ಟುಕೊಂಡು, ಮೇಲೆ ಎರಡು ಶಾಲು ಸುತ್ತಿದಳು. ತಿರುಗಿದರೆ ಹಿಂದೆ ಓಲಿನೆ ನಿಂತಿದ್ದಳು. ಅವಳೂ ನೋಡಿದ್ದಳು.

ಓಲಿನೆ ಕೈಗವಸು ಹಾಕಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಕೊಡಲಿಯ ಸದ್ದು. ಯೋರುನ್ ಕಿಟಕಿಯ ಹಿಮವನ್ನು ಅಂಗೈಯಿಂದ ಕರಗಿಸಿ ನೋಡಿದಳು. ಅತ್ತೆ ಹುಲ್ಲು ಒಣಗಿಸುವ ಗಳಗಳನ್ನು ಸೂರಿನ ಕೆಳಗಿನಿಂದ ಎಳೆದು ಕಡಿಯುತ್ತಿದ್ದಳು. ವರ್ಷಾನುವರ್ಷ ಬಿಸಿಲಲ್ಲಿ ನಿಂತು ಬೂದುಬಣ್ಣಕ್ಕೆ ತಿರುಗಿದ, ಮೂಳೆಯಂತೆ ಒಣಗಿದ ಗಳಗಳು. ಆ ಮಳೆಯ ಕಣಿವೆಯಲ್ಲಿ ಅವು ಇಲ್ಲದೆ ಹುಲ್ಲು ಒಣಗುವುದಿಲ್ಲ, ಹುಲ್ಲು ಒಣಗದೆ ಹಸುವಿಲ್ಲ. ಹಿಂದಿನ ವಾರ ಯೋರುನ್ ತಾನೇ ಆ ಮಾತೆತ್ತಿದಾಗ, "ಬೇಸಿಗೆಯನ್ನ ಸುಟ್ಟು ಚಳಿಗಾಲ ಕಾಯಿಸ್ಕೋತೀಯಾ?" ಎಂದು ಓಲಿನೆ ಬೈದಿದ್ದಳು. ಈಗ ಅವಳೇ ಬೇಸಿಗೆಯನ್ನು ಮೊಳದುದ್ದಕ್ಕೆ ಕಡಿಯುತ್ತಿದ್ದಳು.

ಅದೇ ಹೊತ್ತಿಗೆ ಹೊಳೆಯ ಮಂಜುಗಡ್ಡೆಯ ಮೇಲೆ, ಒಂದು ಕಾಲಲ್ಲಿ ತಳ್ಳುತ್ತ ಓಡಿಸುವ ಸಣ್ಣ ಜಾರುಬಂಡಿಯಲ್ಲಿ, ಕಪ್ಪು ಶಾಲು ಹೊದ್ದ ಸಿಗ್ನೆ ಬಂದಳು. ಬಂಡಿಯ ಪೀಠದ ಮೇಲೆ ಅವಳ ದೊಡ್ಡ ಮರಿಗೆ, ಕಂಬಳಿ ಸುತ್ತಿಕೊಂಡು ಮನುಷ್ಯರಂತೆ ಕೂತಿತ್ತು.

"ಏನು ಓಲಿನಕ್ಕ, ಹುಲ್ಲಿನ ಗಳ ಕಡೀತಿದೀಯ? ಈ ವರ್ಷ ದನಕ್ಕೆ ಕಾಫಿ ಬಿಸ್ಕತ್ತು ಹಾಕ್ತೀಯೇನು?"

"ಹಳೇವು. ಹುಳ ಹಿಡಿದಿತ್ತು."

"ಹೂಂ. ಹುಳ." ಸಿಗ್ನೆ ಹುಳವಿಲ್ಲದ ಗಳವನ್ನು ನೋಡಿದಳು. ತಲೆಯೆತ್ತಿ ಹೊಗೆಗೂಡನ್ನು ನೋಡಿದಳು. ಆಮೇಲೆ ದಾರಿಯ ಕಡೆ ನಾಲ್ಕು ಹೆಜ್ಜೆ ನಡೆದು, ಕೈಗವಸು ಕಳಚಿ, ಬೆರಳ ಗೆಣ್ಣಿನಿಂದ ಆ ಹೆಸರುವಾಸಿ ಗೋಡೆಯನ್ನು ಬಾಗಿಲು ತಟ್ಟಿದಂತೆ ತಟ್ಟಿದಳು. ಓಲಿನೆಯ ಕೊಡಲಿ ನಿಂತಿತು. ಇಬ್ಬರೂ ಕಿವಿ ಇದ್ದವರೇ.

ಒಳಗೆ ಬಂದು ಸಿಗ್ನೆ ಮರಿಗೆಯನ್ನು ಮೇಜಿನ ಮೇಲಿಟ್ಟಾಗ ಮೇಜು ನರಳಿತು. "ಬಾರಮ್ಮ ಬಾಣಂತಿ, ತಡವಾಗಿ ಬಂದೆ ಅಂತ ಬೇಜಾರು ಮಾಡ್ಕೋಬೇಡ. ನಮ್ಮ ಮನೆ ಕಥೆ ನಿಂಗೆ ಗೊತ್ತಲ್ಲ. ಎಲ್ಲಿ ಕೂಸು?"

ಯೋರುನ್ ಶಾಲಿನ ಅಂಚು ಸರಿಸಿ ತೋರಿಸಿದಳು. ಸಿಗ್ನೆ ಬಗ್ಗಿ ನೋಡಿ, "ಹಾಲ್ವೋರ್ ಥರಾನೇ ತಲೇಲಿ ಕೂದ್ಲಿಲ್ಲ" ಎಂದಳು. ಶಾಲಿನ ಅಂಚನ್ನು ತಾನೇ ಮಗುವಿನ ತಲೆಯ ಮೇಲೆಳೆದಳು. "ಮರಿಗೆ ಮುಚ್ಚಳ ತೆಗಿ, ತೆಗಿ. ತಣ್ಣಗಾಗುತ್ತೆ ಅಂತ ಹೇಳೋಕೆ ಇದೇನು ತಣ್ಣಗಾಗೋ ಪದಾರ್ಥ ಅಲ್ಲ."

ಯೋರುನ್ ಒಂದು ಕೈಯಲ್ಲಿ ಮುಚ್ಚಳ ತೆಗೆದಳು. ಮೇಲೆ ಒಂದು ಬಟ್ಟಲಲ್ಲಿ ಗಂಜಿ ಇತ್ತು. ಬಟ್ಟಲನ್ನು ಎತ್ತಿದರೆ ಕೆಳಗೆ ಮರಿಗೆಯ ತಳದವರೆಗೆ ಒತ್ತೊತ್ತಾಗಿ, ಬೆರಳು ಗಾತ್ರಕ್ಕೆ ಸೀಳಿದ ಒಣ ಬರ್ಚ್. ಅವಳ ಕೈ ತಾಗಿ ಎರಡು ಸೀಳು ಒಂದಕ್ಕೊಂದು ಬಡಿದವು. ಟಣ್.

ಬಾಗಿಲಲ್ಲಿ ನಿಂತಿದ್ದ ಓಲಿನೆಯ ಮುಖ ಬಿಳಿಚಿತು. "ಸಿಗ್ನೆ. ಇದನ್ನ ತಗೊಂಡ್ಹೋಗು. ಹೆಣದ ಸೌದೆ ತಿರುಗಿ ಬರಬಾರದು."

"ನಿನ್ನ ಸೌದೆ ಆವತ್ತೇ ಬೂದಿ ಆಯ್ತು ಕಣಕ್ಕ. ಒಂದು ಚಕ್ಕೆ ಉಳಿಸ್ಲಿಲ್ಲ ಬಂದ ಜನ. ನಿನ್ನದು ಉರೀತು ಅಂತ ನಮ್ಮದು ಉಳೀತು. ಇದು ಉಳಿದಿದ್ದು. ಇದು ಯಾವತ್ತೂ ನಿಮ್ಮನೆ ನೋಡಿಲ್ಲ, ತಿರುಗಿ ಬರೋದು ಹೇಗೆ?"

"ನಮಗೇನು ಸೌದೆಗೆ ಬರ ಇದೆ ಅಂತ ಯಾರು ಹೇಳಿದ್ರು?"

"ನಿನ್ನ ಹೊಗೆ ಹೇಳ್ತು. ನಮ್ಮ ಕಿಟಕಿಗೆ ನೇರ ಕಾಣುತ್ತೆ. ಅದು ಹೊಗೆನಾ? ಕುರಿ ಉಣ್ಣೆ ಕಿತ್ತು ಹಾರಿಬಿಟ್ಟ ಹಾಗಿದೆ. ಇಷ್ಟು ದಿನ ನೋಡ್ತಾ ಕೂತೆ. ಬರೋ ಹಾಗಿರ್ಲಿಲ್ಲ. ಇವತ್ತು ಬೆಳಗಾದ ತಕ್ಷಣ ಬಂದೆ." ಸಿಗ್ನೆ ಕುರ್ಚಿ ಎಳೆದು ಕೂತಳು. "ಅದೂ ಅಲ್ದೆ, ಮರಿಗೇಲಿ ಏನಿದೆ ಅಂತ ಕೇಳೋಕೆ ಅತ್ತೆ ಯಾರು? ಅದು ಬಾಣಂತಿದು."

ಒಲೆಯಲ್ಲಿ ಹಸಿ ಸೌದೆ ಸುಂಯ್ ಎಂದು ಅಳುತ್ತಿತ್ತು. ಯೋರುನ್ ಅತ್ತೆಯ ಮುಖ ನೋಡಲಿಲ್ಲ. ನೋಡಿದ್ದರೆ ಕೈ ಏಳುತ್ತಿರಲಿಲ್ಲ. ಅವಳು ಎದೆಯ ಮೇಲಿನ ಮಗುವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಾಲ್ಕು ಸೀಳು ತೆಗೆದು ಒಲೆಯ ಬಾಯಿಗೆ ಇಟ್ಟಳು. ತೊಗಟೆ ಸುರುಳಿಯಾಗಿ ಎದ್ದು, ಹಳದಿ ಉರಿ ಅದರ ಬೆನ್ನೇರಿ ಓಡಿತು. ಒಲೆ ಎಷ್ಟೋ ದಿನದ ಮೇಲೆ ಗಂಟಲು ಸರಿಮಾಡಿಕೊಂಡವರಂತೆ ಗುರ್ ಎಂದಿತು. ಗಂಜಿ ತಣ್ಣಗಾಗುವ ಮುಂಚೆ ಕೋಣೆಯ ಹೊಗೆ ತಿಳಿಯಾಯಿತು.

ಸಿಗ್ನೆ ಎದ್ದಳು. "ಮರಿಗೆ ಕೊಡಿ, ಹೊರಡ್ತೀನಿ. ನಾಳೆ ಮತ್ತೆ ಬರ್ತೀನಿ, ಇವತ್ತಿನ ಗಂಜಿಗೆ ಉಪ್ಪು ಹಾಕೋದು ಮರೆತೆ."

ಮರಿಗೆಯನ್ನು ಖಾಲಿ ಕಳುಹಿಸುವಂತಿಲ್ಲ. ಓಲಿನೆ ಕಪಾಟು ತೆರೆದಳು, ಮುಚ್ಚಿದಳು. ಚೀಸಿನ ತುಂಡನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟಳು. ಇಷ್ಟು ದೊಡ್ಡದನ್ನು ಇಷ್ಟು ಚಿಕ್ಕದರಿಂದ ತೀರಿಸುವುದು ಅವಳಿಗೆ ಬಾರದ ವಿದ್ಯೆ. ಯೋರುನ್‌ಗೆ ಅತ್ತೆಯ ಬೆನ್ನು ಆ ದಿನ ಮೊದಲ ಸಲ ಮುದುಕಿಯ ಬೆನ್ನಾಗಿ ಕಂಡಿತು.

"ಅತ್ತೆ, ಸೌದೆಗೆ ಸೌದೇನೇ ಹಾಕಿ ಕಳಿಸೋಣ" ಎಂದಳು.

"ಹಸಿದನ್ನಾ?"

"ಹಸಿದನ್ನೇ. ಸಿಗ್ನಮ್ಮನ ರೊಟ್ಟಿ ಸುಡೋ ಗೂಡು ಕಲ್ಲಿಂದು. ರೊಟ್ಟಿ ಸುಟ್ಟ ಮೇಲೂ ಮಾರನೇ ದಿನದ ತನಕ ಬಿಸಿ ಇರುತ್ತೆ ಅಂತ ನೀವೇ ಹೇಳ್ತಿದ್ರಿ. ಅದರೊಳಗೆ ಒಣಗ್ಲಿ. ಅವರು ಒಣಗಿದ್ದು ಕೊಟ್ರು, ನಾವು ಒಣಗೋದು ಕೊಟ್ವಿ. ಸಾಲ ಎಲ್ಲಿ ಬಂತು?"

ಸಿಗ್ನೆ ಬಾಗಿಲ ಬಳಿ ನಿಂತು ನಕ್ಕಳು. "ಸಮುದ್ರದ ಕಡೆ ಹುಡುಗಿಗೆ ಮರದ ಬುದ್ಧಿ ಬಂತು. ಆದ್ರೆ ಹಿಂದಿನ ಸಾಲಿನಿಂದ ಕೊಡಬೇಡಿ. ಅದು ನೆರಳಲ್ಲಿ ಬಿದ್ದಿದೆ, ನನ್ನ ಗೂಡಲ್ಲೂ ಅಳುತ್ತೆ. ಆ ಗೋಡೆ ಇದ್ಯಲ್ಲ, ತೆಂಕಣ ಬಿಸಿಲು, ಹೊಳೆ ಗಾಳಿ ಎಲ್ಲ ಅದರ ಮೇಲೇ ಬಿದ್ದಿದೆ. ಈಗ ತಟ್ಟಿದ್ನಲ್ಲ. ಪೂರ್ತಿ ಹಸಿ ಅಲ್ಲ ಅದು. ಇನ್ನೊಂದು ಚೂರು ಬಿಸಿ ಸಿಕ್ಕಿದ್ರೆ ಹಾಡುತ್ತೆ."

ಇಷ್ಟು ದಿನ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಒಣಗಿದ್ದ ಸೌದೆ ಕಣ್ಣೆದುರೇ, ದಾರಿಗೆ ಮುಖ ಮಾಡಿ ನಿಂತಿತ್ತು. ಮುಟ್ಟಬಾರದೆಂದು ಮುಟ್ಟಿರಲಿಲ್ಲ, ಮುಟ್ಟದ್ದರಿಂದ ಗೊತ್ತಾಗಿರಲಿಲ್ಲ. ಹಿಂದಿನ ಸಾಲಿನ ನೀರು ಕುಡಿದ ಸೌದೆಯನ್ನು ಉರಿಸಿ, ಮಗುವನ್ನು ಕೆಮ್ಮಿಸಿ, ಗೋಡೆಯನ್ನು ಉಳಿಸಿದ್ದರು.

ಓಲಿನೆ ಇದನ್ನು ಮನಸ್ಸಿನಲ್ಲಿ ತಿರುವಿ ನೋಡುತ್ತಿದ್ದಾಳೆಂದು ಯೋರುನ್‌ಗೆ ಗೊತ್ತಾಗುತ್ತಿತ್ತು. ಏನಾದರೂ ಸಮಾಧಾನದ ಮಾತು ಹೇಳಬೇಕೆನಿಸಿತು. ಅಷ್ಟರಲ್ಲಿ ಓಲಿನೆ ಮರಿಗೆಯ ಹಿಡಿಯನ್ನು ಹಿಡಿದು ಎತ್ತಿಕೊಂಡಳು.

"ನಾನು ತೆಗೀತೀನಿ. ನಿಂಗೆ ಬರಲ್ಲ. ಎಲ್ಲೆಲ್ಲೋ ಎಳೆದ್ರೆ ಪೂರ್ತಿ ಬೀಳುತ್ತೆ."

ಯೋರುನ್ ಕಿಟಕಿಯಿಂದ ನೋಡಿದಳು. ಅತ್ತೆ ಗೋಡೆಯ ಮರೆಯ ಮೂಲೆಗೆ, ದಾರಿಯಿಂದ ಕಾಣದ ಕಡೆಗೆ ಹೋಗುತ್ತಾಳೆಂದು ಅವಳು ಅಂದುಕೊಂಡಿದ್ದಳು. ಓಲಿನೆ ಅಲ್ಲಿಗೆ ಹೋಗಲಿಲ್ಲ. ಚರ್ಚಿಗೆ ಹೋಗುವವರು ತಿರುವು ದಾಟಿದೊಡನೆ ಮೊದಲು ಕಾಣುವ ಮೂಲೆಯಿದೆಯಲ್ಲ, ಬಿಸಿಲು ಹೆಚ್ಚು ಬೀಳುವುದೂ ಅಲ್ಲೇ, ಅಲ್ಲಿ ನಿಂತಳು. ಮೇಲಿನ ಹಿಮವನ್ನು ತೋಳಿನಿಂದ ಒರೆಸಿದಳು. ಮೊದಲ ಸೀಳನ್ನು ಎಳೆಯುವಾಗ ಮಲಗಿದ ಮಗುವಿನ ಕೆಳಗಿನಿಂದ ಬಟ್ಟೆ ಎಳೆಯುವಷ್ಟು ನಿಧಾನ ಇತ್ತು. ಎರಡನೆಯದರಲ್ಲಿ ಸ್ವಲ್ಪ ಕಡಿಮೆ. ಆಮೇಲೆ ಸಿಗ್ನೆ ಏನೋ ಅಂದಳು, ಓಲಿನೆ ಏನೋ ತಿರುಗಿ ಅಂದಳು, ಇಬ್ಬರೂ ಬೇಗ ಬೇಗ ತೆಗೆದು ಮರಿಗೆ ತುಂಬತೊಡಗಿದರು. ಗೋಡೆಯ ಮೂಲೆ, ಹಲ್ಲು ಬಿದ್ದ ಬಾಯಿಯ ಹಾಗಾಯಿತು.

ಭಾನುವಾರ ಚರ್ಚಿಗೆ ಹೋದವರೆಲ್ಲ ಆ ಹಲ್ಲಿಲ್ಲದ ಜಾಗ ನೋಡಿದರು. ಯಾರೂ ಏನೂ ಕೇಳಲಿಲ್ಲ. ಸೋಮವಾರದಿಂದ ಕಣಿವೆಯ ಹೆಂಗಸರಿಗೆಲ್ಲ ತಾವು ಮೊದಲು ತಂದ ಗಂಜಿಯ ಮೇಲೆ ಅನುಮಾನ ಶುರುವಾಯಿತು. ಒಬ್ಬಳಿಗೆ ಬೆಣ್ಣೆ ಕಡಿಮೆ ಹಾಕಿದೆನೇನೋ ಎನಿಸಿತಂತೆ. ಇನ್ನೊಬ್ಬಳದು ತಳ ಹತ್ತಿತ್ತಂತೆ. ಮತ್ತೊಬ್ಬಳು ತಂದದ್ದೇ ನೆನಪಿಲ್ಲ ಎಂದಳು, ಆವತ್ತು ಮರಿಗೆಯಲ್ಲಿ ಹಾಕಿ ಕಳುಹಿಸಿದ್ದ ನೂಲಿನ ಉಂಡೆ ಅವಳ ಚೀಲದಲ್ಲೇ ಇಣುಕುತ್ತಿದ್ದರೂ. ಎಲ್ಲರ ಮರಿಗೆಯಲ್ಲೂ ಮೇಲೆ ಬಟ್ಟಲು ಗಂಜಿ, ಕೆಳಗೆ ಹಾಡುವ ಸೌದೆ. ಎಲ್ಲರ ಮರಿಗೆಯೂ ಗೋಡೆಯ ಸೀಳು ತುಂಬಿಕೊಂಡು ವಾಪಸ್ ಹೋಯಿತು. ಓಲಿನೆ ಯಾವ ಮನೆಯ ರೊಟ್ಟಿ ಗೂಡು ಎಷ್ಟು ದೊಡ್ಡದು ಎಂದು ನೋಡಿ ಆರಿಸಿ ಕೊಡುತ್ತಿದ್ದಳು, ಅದರಲ್ಲೂ ಅವಳಿಗೆ ಜಂಬ.

ಗಂಜಿ ತಿಂದು ತಿಂದು ಯೋರುನ್‌ಳ ಕೆನ್ನೆ ತುಂಬಿತು, ಹಾಲು ಇಳಿಯಿತು. ಮಗು ಈಗ ಅಂಗಾಲು ಕೆರೆಯದೆಯೇ ಕುಡಿಯುತ್ತಿತ್ತು, ತಡವಾದರೆ ಮನೆ ಹಾರಿಹೋಗುವಂತೆ ಅಳುತ್ತಿತ್ತು. ಆ ಅಳು ಕೇಳಿ ಓಲಿನೆ, "ಹೂಂ, ಒಣಗಿದೆ" ಎನ್ನುತ್ತಿದ್ದಳು.

ಈಸ್ಟರ್ ಹೊತ್ತಿಗೆ ಹೊಳೆಯ ಮಂಜುಗಡ್ಡೆ ಬಿರಿಯಿತು. ಗೋಡೆ ಮೊಣಕಾಲೆತ್ತರಕ್ಕೆ ಇಳಿದಿತ್ತು. ಪಾದ್ರಿ ನೀರು ಹಾಕಿ ಹೆಸರಿಟ್ಟಾಗ ಮಗುವನ್ನು ಹಿಡಿದಿದ್ದವಳು ಸಿಗ್ನೆ. ಎಂಬ್ರೆತ್ ಕಾಡಿನಿಂದ ಬಂದು, ಈ ಸಲ ದಿಮ್ಮಿಗಳಿಗೆ ಬೆನ್ನು ತೋರಿಸದೆ ಹುಷಾರಾಗಿ, ಮನೆಯ ಸೌದೆಯನ್ನೂ ಹೊಸ ಗಳಗಳನ್ನೂ ಕಡಿದು ಮುಗಿಸಿದ. ಗೋಡೆಯನ್ನು ಓಲಿನೆಯೇ ಕಟ್ಟಿದಳು, ತೊಗಟೆ ಮೇಲೆ, ತುದಿ ಸಮ. ಆದರೆ ತಿರುವಿನ ಕಡೆಯ ಮೂಲೆಯನ್ನು ಎರಡು ಗೇಣು ತಗ್ಗಾಗಿ ಬಿಟ್ಟಳು. ಮಗ ತುಂಬಿಸಲು ಹೋದರೆ, "ಇರ್ಲಿ ಬಿಡು, ಕೈ ಹಾಕೋಕೆ ಜಾಗ ಬೇಕಲ್ಲ" ಎಂದಳು.

ಮರುವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ, ಮಗುವಿಗೆ ಗಂಜಿ ಉಣ್ಣಿಸುತ್ತಿದ್ದ ಯೋರುನ್‌ಳನ್ನು ಓಲಿನೆ ಕಿಟಕಿಗೆ ಕರೆದಳು. ಹೊಳೆಯ ಮೇಲ್ದಂಡೆಯಲ್ಲಿ, ಹೊಸದಾಗಿ ಬಂದು ನೆಲೆಸಿದ ಗಂಡಹೆಂಡಿರ ಮನೆಯ ಹೊಗೆ ಬೆಳ್ಳಗೆ, ದಪ್ಪಗೆ, ನೆಲಕ್ಕೆ ಜೋಲುತ್ತಿತ್ತು.

"ಮರಿಗೆ ತೊಳೆದಿಡು" ಎಂದಳು ಓಲಿನೆ.

"ಅವರ ಮನೇಲಿ ಬಾಣಂತಿ ಯಾರೂ ಇಲ್ವಲ್ಲ ಅತ್ತೆ."

"ಇಲ್ದ್ರೆ ಏನು? ಅವರ ಹಸು ಮೊನ್ನೆ ಕರು ಹಾಕಿದೆ" ಎಂದು ಓಲಿನೆ ಕೈಗವಸು ಹಾಕಿಕೊಂಡು, ತಗ್ಗಿನ ಮೂಲೆಯ ಕಡೆ ಹೊರಟಳು. ಹೊರಗೆ ಎರಡು ಸೀಳು ಒಂದಕ್ಕೊಂದು ಬಡಿದ ಸದ್ದಾಯಿತು. ಮಗು ಚಮಚ ಬಿಟ್ಟು ಆ ಕಡೆ ಕಿವಿ ಕೊಟ್ಟಿತು.